ಸೊಟ್ಟ ಬದುವಿನ ಅಯ್ಯ

ನಮ್ಮೂರಿನಲ್ಲಿ ಸತ್ತವರನ್ನು ಬೈಯುವುದಿಲ್ಲ, ಹೊಗಳುವುದೂ ಇಲ್ಲ. ಶಿವಗಣಾರಾಧನೆಯ ಊಟ ಮುಗಿದು ಎಲೆ ಎತ್ತಿದ ಮೇಲೆ ಮಾತು ಬೇರೆ ಕಡೆ ಹೊರಳಿಬಿಡುತ್ತದೆ. ಅಯ್ಯನ ವಿಷಯದಲ್ಲಿ ಎಲೆ ಎತ್ತುವ ತನಕವೂ ಕಾಯಲಿಲ್ಲ. ನನ್ನ ಪಕ್ಕದ ಪಂಕ್ತಿಯವರು ಪಾಯಸ ಸುರಿಯುತ್ತಾ, ಯಾರ ಟ್ರ್ಯಾಕ್ಟರು ಚೆನ್ನಾಗಿ ಉಳುತ್ತದೆ ಎಂದು ವಾದ ಮಾಡುತ್ತಿದ್ದರು. ಟ್ರ್ಯಾಕ್ಟರು! ಅವತ್ತು, ಆ ಮನೆಯಲ್ಲಿ! ನಾನು ಅರ್ಧ ಊಟಕ್ಕೇ ಎದ್ದು ಬಂದೆ. ಹೇಳುವವರು ಯಾರೂ ಇಲ್ಲ ಅಂದ ಮೇಲೆ ನಾನಾದರೂ ಹೇಳಬೇಕು.

ನಾನು ಊರಿನ ಪ್ರೈಮರಿ ಸ್ಕೂಲಿನಲ್ಲಿ ಟೀಚರಾಗಿದ್ದವಳು. ಚಿಕ್ಕಯ್ಯನಛತ್ರದಲ್ಲಿ ಬಸ್ಸಿಳಿದು ಒಳಕ್ಕೆ ನಡೆದರೆ ನಮ್ಮೂರು, ಊರು ದಾಟಿದರೆ ದಿನ್ನೆ. ದಿನ್ನೆಯ ನೆತ್ತಿಯಲ್ಲಿ ಬಂಡೆ, ಬುಡದಲ್ಲಿ ಹಳ್ಳ. ನಡುವೆ ಇಳಿಜಾರಿಗೆ ಬಿದ್ದುಕೊಂಡಿರುವ ಕೆಂಪು ಹೊಲ ಅಯ್ಯನದು. ಅದರ ಕೆಳಗೆ, ಹಳ್ಳಕ್ಕೆ ತಾಗಿದಂತೆ, ನಮ್ಮಪ್ಪ ನನಗೆ ಬಿಟ್ಟುಹೋದ ತುಂಡು. ಸ್ಕೂಲಿಗೆ ರಜೆಯಿದ್ದ ದಿನ ನಾನು ಹೊಲದಲ್ಲಿರುತ್ತಿದ್ದೆ, ಅವರು ಎಲ್ಲ ದಿನವೂ ಇರುತ್ತಿದ್ದರು. ಅವರ ಬೈಗುಳವನ್ನು ನನ್ನಷ್ಟು ಕೇಳಿದವರು ಇನ್ನೊಬ್ಬರಿಲ್ಲ, ಅವರ ಹೆಂಡತಿಯನ್ನು ಬಿಟ್ಟರೆ.

ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದವರಿಲ್ಲ. ಎದುರಿಗೆ 'ಅಯ್ಯ', ಬೆನ್ನ ಹಿಂದೆ 'ಸೊಟ್ಟ ಬದಿನಯ್ಯ'. ಕುಳ್ಳಗೆ, ಗಟ್ಟಿಮುಟ್ಟಾಗಿ, ಕೊರಳಲ್ಲಿ ಲಿಂಗದ ಕರಡಿಗೆ, ಹೆಗಲ ಮೇಲೆ ಸದಾ ಒಂದು ಗುದ್ದಲಿ. ಇಳಿಜಾರಿನಲ್ಲಿ ಅವರು ನೆಟ್ಟಗೆ ನಡೆದಿದ್ದನ್ನು ನಾನು ನೋಡಿರಲಿಲ್ಲ. ಮೇಲಿನಿಂದ ಕೆಳಗೆ ಬರಬೇಕಾದರೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಅಡ್ಡಡ್ಡ ನಡೆದು, ಅರ್ಧ ಗಂಟೆ ಸುತ್ತಾಡಿ ಇಳಿಯುತ್ತಿದ್ದರು. ಯಾರಾದರೂ ನೆಟ್ಟಗೆ ಇಳಿದರೆ ಮುಗಿಯಿತು. "ಲೇ, ನೀನು ನಡ್ದ ಜಾಗ್ದಲ್ಲಿ ನಾಳೆ ನೀರು ನಡೀತದೆ ಕಣ್ಲಾ! ಅಡ್ಡ ಬಾರ್ಲಾ, ಕಾಲ್ ಬಿದ್ದೋಗಲ್ಲ!" ಎಂದು ನೆತ್ತಿಯಿಂದ ಕೂಗು ಬರುತ್ತಿತ್ತು. ಒಂದು ಸಲ ತಾಲ್ಲೂಕಾಫೀಸಿನವರೊಬ್ಬರನ್ನೂ ಹೀಗೇ ಕೂಗಿ ಅಡ್ಡ ನಡೆಸಿದ್ದರು. ಪಾಪ, ಅವರು ಶೂ ಹಾಕಿಕೊಂಡು ಬಂದಿದ್ದರು.

ಸಂಜೆ ಮನೆಗೆ ಹೊರಡುವಾಗ ಚೊಂಬಿನಲ್ಲಿ ನೀರು ತಂದು ಹೊಲದಲ್ಲೇ ಕಾಲು ತೊಳೆಯುತ್ತಿದ್ದರು. ಕಾಲಿಗಂಟಿದ ಮಣ್ಣು ಹೊಲದ್ದು, ಅದು ಬಚ್ಚಲಿಗೆ ಹೋಗಬಾರದು. ದಾರಿಯುದ್ದಕ್ಕೂ ಧೂಳು ತುಳಿದುಕೊಂಡು ಹೋಗಿ ಮನೆಯ ಬಾಗಿಲಲ್ಲಿ ಮತ್ತೆ ತೊಳೆಯಬೇಕಲ್ಲ ಎಂದು ಹೆಂಡತಿ ಗೊಣಗಿದರೆ, "ರೋಡಿನ ಮಣ್ಣು ಯಾರ್ದಾದ್ರೂ ಆಗ್ಲಿ, ನಂಗ್ಯಾಕೆ" ಎನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು.

ಈ ಹುಚ್ಚು ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ತೊಂಬತ್ತರ ದಶಕದಲ್ಲಿ ಕೃಷಿ ಇಲಾಖೆಯವರು ದಿನ್ನೆ ಹೊಲಗಳಿಗೆ ಬದು ಹಾಕಿಸಲು ಬಂದಾಗ ಮೊದಲು ಜಗಳಕ್ಕೆ ನಿಂತವರೇ ಇವರು. ಎತ್ತರ ತಗ್ಗು ನೋಡಿ, ಒಂದೇ ಮಟ್ಟ ಬಂದ ಕಡೆಯೆಲ್ಲ ಸುಣ್ಣದ ಗೆರೆ ಎಳೆದಿದ್ದರು. ಗೆರೆ ಅಂಕುಡೊಂಕಾಗಿ ಹೋಗಿತ್ತು.

"ಇದೇನ್ ಬುದ್ದಿ, ಆವು ಅರ್ದಂಗೆ ಎಳ್ದಿದ್ದೀರಿ? ನನ್ ಒಲ್ದಲ್ಲಿ ಸೊಟ್ಟ ಬದ ಬಿದ್ರೆ ಊರೋರು ಏನಂದಾರು?"

ನಮ್ಮೂರಿನ ಲೆಕ್ಕವೇ ಅದು. ಬದು ನೆಟ್ಟಗಿದ್ದರೆ ಮರ್ಯಾದಸ್ಥರ ಹೊಲ. ಸೊಟ್ಟಗಿದ್ದರೆ ಯಾರೋ ಯಾರದೋ ನೆಲ ಒತ್ತಿದ್ದಾರೆ, ಇಲ್ಲವೇ ಒತ್ತಿಸಿಕೊಂಡು ಸುಮ್ಮನಿದ್ದಾರೆ. ಎರಡೂ ನಾಚಿಕೆಗೇಡು. ಹಾಗಾಗಿ ಇಲಾಖೆಯವರ ಜೀಪು ಆ ಕಡೆ ಹೋದದ್ದೇ ತಡ, ಇಡೀ ದಿನ್ನೆಯ ಜನ ಹಗ್ಗ ಹಿಡಿದು ಎಲ್ಲ ಬದುಗಳನ್ನೂ ನೆಟ್ಟಗೆ ಮಾಡಿಕೊಂಡರು. ಹಗ್ಗ ಹಿಡಿಸಿದವರು ಅಯ್ಯನೇ. ನೋಡಲು ಚೆಂದವೋ ಚೆಂದ, ಕಾಪಿ ಪುಸ್ತಕದ ಗೆರೆಯ ಹಾಗೆ. ಮುಂಗಾರಿನ ಮೊದಲ ದೊಡ್ಡ ಮಳೆಗೆ ನೀರೆಲ್ಲ ತಗ್ಗಿದ್ದ ಕಡೆಗೆ ಓಡಿ, ಅಲ್ಲಿ ನಿಂತು, ಬದುವನ್ನು ಒಡೆದುಕೊಂಡು ಹೋಯಿತು. ಒಂದು ಬದು ಒಡೆದ ನೀರು ಕೆಳಗಿನದನ್ನು ಒಡೆಯಿತು, ಅದು ಇನ್ನೂ ಕೆಳಗಿನದನ್ನು. ಬೆಳಗ್ಗೆ ನೋಡಿದರೆ ದಿನ್ನೆಯ ಮೈಮೇಲೆ ಆಳುದ್ದದ ಕೊರಕಲು.

ಉಳಿದವರು ಇಲಾಖೆಯನ್ನು ಬೈದು ಸುಮ್ಮನಾದರು. ಅಯ್ಯ ಮಾತ್ರ ಕೊರಕಲಿನೊಳಗೆ ಇಳಿದು ಬಹಳ ಹೊತ್ತು ಕೂತಿದ್ದರು. ಆಮೇಲೆ ಮೇಲೆ ಬಂದು ನನ್ನ ಕಡೆ ನೋಡಿ, "ನೆಟ್ಟಗೆ ಮಾಡಕ್ಕೋಗಿ ಕೆಟ್ಟೆ ಕಣ್ ಟೀಚರವ್ವ. ನೀರ್ಗೆ ನಮ್ ಮರ್ವಾದೆ ಕಟ್ಕಂಡು ಏನಾಗ್ಬೇಕು" ಎಂದರು. ಆ ಮಾತನ್ನು ಹೇಳಿದ ದಿನದಿಂದಲೇ ಅವರು ಬೇರೆ ಮನುಷ್ಯರಾದರು.

ಎರಡು ಬೇಸಿಗೆ ಗಂಡ ಹೆಂಡಿರು ಮಣ್ಣು ಹೊತ್ತರು. ಬದುಗಳು ಮತ್ತೆ ಸೊಟ್ಟಗಾದವು. ಅವುಗಳ ಮೇಲೆ ಒತ್ತೊತ್ತಾಗಿ ಲಾವಂಚದ ಬುಡ ನೆಟ್ಟರು. ಬೇರು ಆಳಕ್ಕಿಳಿಯುವ ಹುಲ್ಲು ಅದು, ಹಿಡಿದ ಮಣ್ಣನ್ನು ಬಿಡುವುದಿಲ್ಲ. ಉಳುಮೆಯೂ ಅಡ್ಡಕ್ಕೆ, ಬಿತ್ತನೆಯೂ ಅಡ್ಡಕ್ಕೆ. ಊರು ನಕ್ಕಿತು. ನಕ್ಕವರ ಹೊಲ ಪ್ರತಿ ಮಳೆಗೂ ಹಳ್ಳಕ್ಕೆ ಇಳಿಯುತ್ತಿದ್ದಾಗ ಅಯ್ಯನ ಬದುವಿನ ಹಿಂದೆ ಮಣ್ಣು ಅಂಗುಲಂಗುಲ ನಿಲ್ಲತೊಡಗಿತು. ಹುರುಳಿ ಬಿಟ್ಟರೆ ಬೇರೇನೂ ಬಾರದ ನೆತ್ತಿಯ ತುಂಡಿನಲ್ಲಿ ಜೋಳ ಎದೆಮಟ್ಟ ನಿಂತಿತು. ಆಗ ಒಬ್ಬೊಬ್ಬರೇ ಬಂದರು. ಲಾವಂಚದ ಬುಡ ಕೇಳಿದರು. ಅಯ್ಯ ಮೊದಲು ಬಾಯಿ ತುಂಬ ಬೈದು, ಆಮೇಲೆ ಬಿದಿರ ಮಂಕರಿ ತುಂಬ ಕೊಟ್ಟರು. ನಾನೂ ನನ್ನ ತುಂಡಿಗೆ ನೆಟ್ಟೆ. ನಾಲ್ಕಾರು ವರ್ಷ ನಮ್ಮ ದಿನ್ನೆ ಹಸುರಾಗಿತ್ತು. ಇಲಾಖೆಯವರು ನರಸೀಪುರದ ಕಡೆಯ ರೈತರನ್ನು ಬಸ್ಸಿನಲ್ಲಿ ಕರೆತಂದು ತೋರಿಸುತ್ತಿದ್ದರು. ಆ ವರ್ಷಗಳನ್ನು ನೆನೆಸಿಕೊಂಡರೆ ನನಗೆ ಈಗ ಖುಷಿಯಾಗುವುದಿಲ್ಲ, ಹೊಟ್ಟೆ ಉರಿಯುತ್ತದೆ.

ಮಳೆ ಬಂತೆಂದರೆ ಎಲ್ಲರೂ ಹೊಲದಿಂದ ಮನೆಗೆ ಓಡಿಬಂದರೆ ಅಯ್ಯ ಮನೆಯಿಂದ ಹೊಲಕ್ಕೆ ಓಡುತ್ತಿದ್ದರು. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ, ಕೈಯಲ್ಲಿ ಗುದ್ದಲಿ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಾರುತ್ತದೆ ಎಂದು ಮಳೆಯಲ್ಲೇ ನಿಂತು ನೋಡಬೇಕು. ಮಗಳ ಮದುವೆ ನರಸೀಪುರದಲ್ಲಿ ನಡೆಯಿತು. ಧಾರೆಯ ಹೊತ್ತಿಗೆ ನಮ್ಮ ಕಡೆ ಆಕಾಶ ಕಪ್ಪಾಯಿತು. ಕನ್ಯಾದಾನ ಮಾಡಬೇಕಾದ ಮನುಷ್ಯ ಛತ್ರದ ಬಾಗಿಲಲ್ಲಿ ನಿಂತು ಬಸ್ಸಿಳಿದು ಬಂದವರನ್ನೆಲ್ಲ "ನಮ್ ಕಡೆ ಉಯ್ತಾ? ಜೋರಾಗ್ ಉಯ್ತಾ?" ಎಂದು ಕೇಳುತ್ತಿದ್ದರು. ಬೀಗರಿಗೆ ಸಿಟ್ಟು ಬಂತು. ಅವರು ತಲಕಾಡಿನ ಹತ್ತಿರದವರು, ನೀರಾವರಿ ಗದ್ದೆಯವರು. "ಏನ್ ಬೀಗ್ರೆ, ಮಗ್ಳಿಗಿಂತ ಮಣ್ಣೇ ಎಚ್ಚಾಯ್ತಾ ನಿಮ್ಗೆ?" ಎಂದರು. ಅಯ್ಯ ಸುಮ್ಮನಿರಬಾರದೇ? "ನಿಮ್ಮೂರ್ಗೆ ಮರಳು ಎದ್ದು ಬಂದು ದೇವಸ್ತಾನ ಮುಚ್ತು. ತಗುದ್ರೆ ದೇವ್ರು ಸಿಕ್ತಾನೆ. ನಮ್ಮೂರ್ಲಿ ಮಣ್ಣು ಎದ್ದು ಓಯ್ತದೆ ಬೀಗ್ರೆ, ಆಮೇಲ್ ಅಗುದ್ರೂ ಬಂಡೆನೇ ಸಿಕ್ಕೋದು" ಎಂದುಬಿಟ್ಟರು. ಅವತ್ತು ಊಟದ ಹೊತ್ತಿಗೆ ಬೀಗರನ್ನು ಸಮಾಧಾನ ಮಾಡಿದ್ದು ನಾನು.

ಒಂದು ಆಷಾಢದಲ್ಲಿ ಅಯ್ಯನೂ ನಾನೂ ನಂಜನಗೂಡಿಗೆ ಹೋಗಿದ್ದೆವು. ಕಪಿಲೆ ದಡ ತುಂಬಿ ಕೆಂಪಗೆ ಹರಿಯುತ್ತಿದ್ದಳು. ಸೇತುವೆಯ ಮೇಲೆ ಜನವೋ ಜನ. ಹೆಂಗಸರು ಅರಿಸಿನ ಕುಂಕುಮ ಬಿಡುತ್ತಿದ್ದರು, ಹುಡುಗರು ಕೇಕೆ ಹಾಕುತ್ತಿದ್ದರು. ನಾನೂ ಕೈಮುಗಿದೆ. ಅಯ್ಯ ಮುಗಿಯಲಿಲ್ಲ. ಕಂಬಿ ಹಿಡಿದು ಕೆಳಗೆ ನೋಡುತ್ತಾ, "ಇದ್ನ ನೋಡಿ ಯೆಂಗೆ ನಗ್ತಾರೆ ಜನ? ನೀರಲ್ಲ ಕಣವ್ವ ಇದು, ಯಾರ್ದೋ ಒಲ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅವತ್ತಿನಿಂದ ತುಂಬಿದ ನದಿ ಕಂಡರೆ ನನಗೆ ಕೈಮುಗಿಯಲು ಮನಸ್ಸಾಗುವುದಿಲ್ಲ.

ಅವರಿಗೆ ಮೂವರು ಗಂಡುಮಕ್ಕಳು. ಮೂವರಿಗೂ ಅಕ್ಷರ ಕಲಿಸಿದವಳು ನಾನೇ. 'ಮಣ್ಣಿನ ಸವಕಳಿ ಎಂದರೇನು, ತಡೆಯುವ ಕ್ರಮಗಳಾವುವು' ಎಂಬ ಪ್ರಶ್ನೆಗೆ ನಡುವಿನವನಷ್ಟು ಚೆನ್ನಾಗಿ ಉತ್ತರ ಬರೆದವರು ಇನ್ನೊಬ್ಬರಿರಲಿಲ್ಲ. ಚಿತ್ರವನ್ನೂ ಬರೆದು ಬಣ್ಣ ಹಚ್ಚಿದ್ದ. ಮೂವರೂ ಕೆಟ್ಟವರಲ್ಲ. ದೊಡ್ಡವನು ಬೇಸಾಯಕ್ಕೆ ನಿಂತ, ನಡುವಿನವನು ಹಸು ಕಟ್ಟಿ ಡೇರಿಗೆ ಹಾಲು ಹಾಕತೊಡಗಿದ, ಕಿರಿಯವನು ತಾಂಡವಪುರದಲ್ಲಿ ಗೂಡ್ಸ್ ಆಟೋ ಓಡಿಸಿಕೊಂಡಿದ್ದ. ಮದುವೆಗಳಾದವು, ಒಲೆಗಳು ಬೇರೆಯಾದವು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುತ್ತಾರಲ್ಲ, ಅಷ್ಟೇ. ಎರಡು ಸಾವಿರದ ಇಸವಿಯ ಈಚೆಗೆ ಒಂದು ದಿನ ಮೂವರೂ ಒಟ್ಟಿಗೆ ಬಂದು, "ಅಪ್ಪ, ನೀನು ಗಟ್ಟಿಯಾಗಿರೋವಾಗ್ಲೇ ಭಾಗ ಮಾಡ್ಕೊಟ್ಬುಡು" ಎಂದರು. ಅದರಲ್ಲೂ ತಪ್ಪಿಲ್ಲ.

ದಿನ್ನೆ ಹೊಲ ಭಾಗ ಮಾಡಲು ನಮ್ಮ ಕಡೆ ಒಂದು ಪದ್ಧತಿಯಿದೆ. ಅಡ್ಡಕ್ಕೆ ಕುಯ್ಯುವುದಿಲ್ಲ, ಮೇಲಿನಿಂದ ಕೆಳಕ್ಕೆ ಉದ್ದುದ್ದ ಸೀಳುತ್ತಾರೆ. ಅಡ್ಡಕ್ಕೆ ಕುಯ್ದರೆ ಒಬ್ಬನಿಗೆ ನೆತ್ತಿಯ ಕಲ್ಲು, ಇನ್ನೊಬ್ಬನಿಗೆ ಬುಡದ ಮೆಕ್ಕಲು. ಅದು ಅನ್ಯಾಯ. ಉದ್ದಕ್ಕೆ ಸೀಳಿದರೆ ಎಲ್ಲರಿಗೂ ಒಂದಿಷ್ಟು ಕಲ್ಲು, ಒಂದಿಷ್ಟು ಮೆಕ್ಕಲು. 'ಪಾಲಿಗೆ ತಲೆನೂ ಇರ್ಬೇಕು, ಪಾದಾನೂ ಇರ್ಬೇಕು' ಅನ್ನುವುದು ನಮ್ಮ ಪಂಚಾಯ್ತಿಗಾರರ ಮಾತು. ನ್ಯಾಯವೇನೋ ನ್ಯಾಯವೇ. ಆದರೆ ಓಣಿಯಂಥ ಆ ಪಟ್ಟಿಯಲ್ಲಿ ಅಡ್ಡ ಉಳಲು ನೇಗಿಲಿಗೆ ಜಾಗವಿರುವುದಿಲ್ಲ. ಉದ್ದಕ್ಕೆ ಉತ್ತರೆ ಪ್ರತಿ ಸಾಲೂ ಮಳೆನೀರಿಗೆ ಕಾಲುವೆ.

ಅಯ್ಯ ಒಪ್ಪಲಿಲ್ಲ. ಜಗಲಿಯ ಮೇಲೆ ಊರ ಹಿರಿಯರು ಕೂತಿದ್ದರು, ನನ್ನನ್ನೂ ಕರೆದಿದ್ದರು. "ಅಡ್ಡಕ್ಕೇ ಮಾಡಾನ. ಮೇಲಿನ್ ಪಾಲು ತಗೊಂಡೋನ್ಗೆ ಎಚ್ಗೆ ನೆಲ, ಕೆಳಗಿನೋನ್ಗೆ ಕಮ್ಮಿ. ಮೇಲೂ ಈಗ ಮಣ್ಣು ನಿಂತದೆ, ನೀವೇ ನೋಡಿದ್ದೀರಿ" ಎಂದು ಗೋಗರೆದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮೇಲಿನ್ ಪಾಲು ಅಷ್ಟು ಚೆನ್ನಾಗಿದ್ರೆ ನೀನೇ ಇಟ್ಕೊಳಪ್ಪ" ಎಂದ ಕಿರಿಯವನು.

"ಅಂಗಾದ್ರೆ ಬೇಸಾಯ ಒಟ್ಗೆ ಮಾಡಿ, ಬಂದ ಬೆಳೆ ಅಂಚ್ಕಳಿ."

ಒಳಗಿನಿಂದ ಸೊಸೆಯರ ಬಳೆಯ ಸದ್ದಾಯಿತು. ಕಿರಿಯವನು ಆ ಕಡೆಗೊಮ್ಮೆ ನೋಡಿ, ಆಗದೆಂದು ತಲೆಯಾಡಿಸಿದ. ಕೊನೆಗೆ ಹಿರಿಯರಲ್ಲೊಬ್ಬರು ಎಲೆಯಡಿಕೆ ಉಗಿದು ಬಂದು ಕೇಳಿದರು. "ಅಯ್ಯ, ನಮ್ಮನೆ ಭಾಗ ಮಾಡ್ಸಕ್ಕೆ ನೀವೇ ಬಂದಿದ್ರಿ. ಅವತ್ತು ತಲೆ ಪಾದ ಅಂತ ನ್ಯಾಯ ಯೋಳಿದ್ದು ನೀವೇ ಅಲ್ವಾ? ನಮ್ಮನೆಗೊಂದು, ನಿಮ್ಮನೆಗೊಂದಾ?"

ಹೌದು. ಸೊಟ್ಟ ಬದುವಿಗೂ ಮುಂಚಿನ ಕಾಲದಲ್ಲಿ ಊರಿನ ಎಷ್ಟೋ ಮನೆಗಳ ಭಾಗ ಮಾಡಿಕೊಟ್ಟವರು ಅಯ್ಯನೇ, ಎಲ್ಲವನ್ನೂ ಉದ್ದುದ್ದಕ್ಕೇ. ಅವರು ತಲೆ ತಗ್ಗಿಸಿದರು. ಮಕ್ಕಳು ಚೀಟಿ ಎತ್ತಿದರು, ನಡುವಿನ ಪಟ್ಟಿ ನಡುವಿನವನಿಗೇ ಬಂತು, ಪಟ್ಟಿಯುದ್ದಕ್ಕೂ ಕಲ್ಲು ನೆಟ್ಟರು. ಬದುಗಳನ್ನು ಯಾರೂ ಮುಟ್ಟಬಾರದು ಎಂದು ಅಯ್ಯ ಒಂದು ಮಾತು ತೆಗೆದುಕೊಂಡರು. ಮೂವರೂ ಮಾತು ಕೊಟ್ಟರು.

ಒಂದು ವರ್ಷ ಮಾತು ನಿಂತಿತು. ಮರುವರ್ಷ ನಡುವಿನವನು ಎತ್ತು ಮಾರಿ ಬಾಡಿಗೆ ಟ್ರ್ಯಾಕ್ಟರು ತಂದ. ಆ ಪಟ್ಟಿಯಲ್ಲಿ ಅದು ಅಡ್ಡ ತಿರುಗುವುದೆಲ್ಲಿಂದ ಬಂತು? ತನ್ನ ಪಾಲಿನೊಳಗಿದ್ದಷ್ಟು ಬದು ಕೆಡವಿ, ಮೇಲಿನಿಂದ ಕೆಳಕ್ಕೆ ಉಳುಮೆ ಮಾಡಿಸಿದ. ನಾನು ಸ್ಕೂಲು ಬಿಟ್ಟು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೋಪ ನೆತ್ತಿಗೇರಿತು.

"ಏನೋ, ಮಣ್ಣಿನ ಸವಕಳಿ ಅಂತ ಬಣ್ಣ ಹಚ್ಚಿ ಬರೆದಿದ್ಯಲ್ಲೋ! ಎಲ್ಲಿ ಹೋಯ್ತೋ ಅದೆಲ್ಲ?"

ಅವನು ತಲೆ ಕೆರೆದುಕೊಂಡ. "ಪುಸ್ತಕ್ದಲ್ಲಿ ಒಲ ಒಬ್ಬಂದೇ ಆಗಿತ್ತು ಮಿಸ್" ಎಂದ. ಎದುರುತ್ತರ ಕೊಡಬೇಕೆಂದು ಹೇಳಿದ್ದಲ್ಲ, ನಿಜವಾಗಿಯೇ ಹೇಳಿದ.

ಬದುವೆಂದರೆ ಒಬ್ಬನ ಪಾಲಿಗೆ ಇಷ್ಟು ಎಂದು ಕೆಡವಬಹುದಾದ ವಸ್ತುವಲ್ಲ. ಎರಡೂ ಪಕ್ಕದ ಪಾಲುಗಳಲ್ಲಿ ನಿಂತ ನೀರೆಲ್ಲ ಮಳೆ ಬಂದ ದಿನ ನಡುವಿನ ಖಾಲಿ ಜಾಗಕ್ಕೆ ನುಗ್ಗಿತು. ನುಗ್ಗುವಾಗ ಪಕ್ಕದವರ ಮಣ್ಣನ್ನೂ ಕೆರೆದುಕೊಂಡು ಹೋಯಿತು. ದೊಡ್ಡವನ ಜೋಳದ ಪೈರು ಅರ್ಧ ಮಲಗಿತು. ಅವನು ಬಂದು ತಮ್ಮನ ಕೊರಳಪಟ್ಟಿ ಹಿಡಿದ, ಕಿರಿಯವನು ಆಟೋ ನಿಲ್ಲಿಸಿ ಓಡಿಬಂದ. ಯಾರ ಕೈಯಲ್ಲಿ ಮೊದಲು ಮಚ್ಚು ಬಂತೋ ಗೊತ್ತಿಲ್ಲ, ದೊಡ್ಡವನ ಮೊಣಕೈಯಿಂದ ರಕ್ತ ಸುರಿಯುತ್ತಿದ್ದದ್ದನ್ನು ಮಾತ್ರ ನೋಡಿದೆ. ಅಯ್ಯ ಬದುವಿನ ಮೇಲೆ ಕೂತು ನೋಡುತ್ತಿದ್ದರು. ಬೈಯಲಿಲ್ಲ, ಬಿಡಿಸಲೂ ಹೋಗಲಿಲ್ಲ. ಅವರು ಬೈಯದೆ ಕೂತದ್ದು ಕಂಡು ನನಗೆ ಭಯವಾಯಿತು.

ಮರುದಿನ ಬೆಳಗ್ಗೆ ನಾನು ಹೊಲಕ್ಕೆ ಹೋದಾಗ ಗಾಳಿಯೆಲ್ಲ ಲಾವಂಚದ ಘಮ. ಮೊದಲು ಏನೆಂದು ತಿಳಿಯಲಿಲ್ಲ. ಮೇಲೆ ನೋಡಿದರೆ ಅಯ್ಯ ಹಾರೆ ಹಾಕಿ ಬದು ಮೀಟುತ್ತಿದ್ದಾರೆ. ದೊಡ್ಡವನ ಪಾಲಿನದು ಆಗಲೇ ಮುಗಿದಿತ್ತು, ಕಿರಿಯವನ ಪಾಲಿಗೆ ಬಂದಿದ್ದರು. ಬೇರು ಬಿಡುತ್ತಿರಲಿಲ್ಲ. ಅವರು ಹಾರೆಯ ಮೇಲೆ ಇಡೀ ಮೈಯ ಭಾರ ಬಿಟ್ಟು ತೂಗುತ್ತಿದ್ದರು. ನಾನು ಸೀರೆ ಎತ್ತಿಕಟ್ಟಿ ಓಡಿದೆ, ನೆಟ್ಟಗೇ ಓಡಿದೆ. ಅವರು ಕೂಗಲಿಲ್ಲ.

"ಹುಚ್ಚು ಹಿಡೀತಾ ಅಯ್ಯ ನಿಮಗೆ? ಕೆಡವಿದೋನು ಕೆಡವಿದ, ಇರೋದನ್ನ ಯಾಕೆ ಕೀಳ್ತಿದ್ದೀರಿ?"

"ನಡ್ವಿನ್ದು ಓದ ಮೇಲೆ ಇವೆರಡು ನಿಂತ್ರೆ ನೀರು ಅಲ್ಲೇ ನುಗ್ತದೆ ಟೀಚರವ್ವ. ನುಗ್ಗುದ್ರೆ ಮತ್ತೆ ಒಡ್ದಾಡ್ತಾರೆ. ಯಾವನಾರ ಒಬ್ಬ ಸಾಯ್ತಾನೆ. ಮೂವರ್ದೂ ಒಂದೇ ಸಮ ಓದ್ರೆ ಜಗಳ ಇಲ್ಲ." ಹಾರೆಯನ್ನು ಮತ್ತೆ ನೆಟ್ಟರು. "ಮಣ್ ಓದ್ರೆ ಓಗ್ಲಿ. ಮಕ್ಳು ಉಳ್ಕಳ್ಳಿ."

ನಾನು ಬೈದೆ. ಬಾಯಿಗೆ ಬಂದಂತೆ ಬೈದೆ. ಹೇಡಿ ಅಂದೆ, ಮಕ್ಕಳನ್ನು ಬೆಳೆಸಲು ಬಾರದವರು ಅಂದೆ, ಅಳುತ್ತಾ ಬೈದೆ. "ಬಯ್ಯಿ ಕಣವ್ವ, ಯಾರಾರ ಬಯ್ಲಿ ಅಂತಾನೇ ನೋಡ್ತಿದ್ದೆ" ಎಂದರು. ಮೂರು ದಿನದಲ್ಲಿ ಅಯ್ಯನ ಹೊಲ ಬೋಳಾಯಿತು. ಬೇರನ್ನು ಯಾರೋ ಮೈಸೂರಿಗೆ ಮಾರಲು ಕಟ್ಟಿಕೊಂಡು ಹೋದರು.

ಆಮೇಲೆ ಅವರು ಇದ್ದದ್ದು ಇದ್ದಂತಲ್ಲ. ಮಳೆ ಬಂದರೆ ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ದಿನ್ನೆಯಲ್ಲಿ ಉಳಿದವರೂ ಬದು ಕೆಡವಿದರು. ಕೆಡವಬೇಡಿ ಅನ್ನುವ ಬಾಯೇ ಮುಚ್ಚಿತ್ತಲ್ಲ. ಸವೆದ ಮಣ್ಣಿನಲ್ಲಿ ಒಂದಿಷ್ಟು ನನ್ನ ಹೊಲಕ್ಕೆ ಬಂದು ನಿಂತಿತು, ಉಳಿದದ್ದು ಹಳ್ಳಕ್ಕೆ ಹೋಯಿತು. ಮೊದಲ ವರ್ಷ ನನ್ನ ಅವರೆ ಹುಲುಸಾಗಿ ಬಂತು. "ಟೀಚರಮ್ಮಂಗೆ ಬಿಟ್ಟಿ ಗೊಬ್ರ" ಎಂದು ಊರವರು ಅಸೂಯೆಪಟ್ಟರು. ಅವರೆಕಾಳು ಬೇಯಿಸಿ ತಿನ್ನಲು ನನಗೆ ಮನಸ್ಸಾಗಲಿಲ್ಲ, ಮಾರಿಬಿಟ್ಟೆ. ಮರುವರ್ಷದಿಂದ ಮಣ್ಣಿನ ಜೊತೆ ನೊರಜುಗಲ್ಲು ಬರತೊಡಗಿತು. ಮೇಲೆ ಮಣ್ಣು ಮುಗಿಯುತ್ತಾ ಬಂದಿದೆ ಎಂದು ನನಗೆ ಅರ್ಥವಾಯಿತು.

ತೀರಿಹೋಗುವ ಮುಂಚಿನ ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಅಯ್ಯ ಮಂಕರಿ ಹಿಡಿದು ನನ್ನ ಹೊಲಕ್ಕೆ ಬಂದರು. ತೀರಾ ಇಳಿದುಹೋಗಿದ್ದರು. "ಒಂದ್ ಮಂಕರಿ ಎತ್ಕಳ್ಳಾ ಟೀಚರವ್ವ?" ಎಂದು ಸಾಲ ಕೇಳುವವರ ಹಾಗೆ ಕೇಳಿದರು. ನನ್ನನ್ನು ಕೇಳಬೇಕೇ ಅಯ್ಯ, ನಿಮ್ಮದೇ ಮಣ್ಣು ಅಂದೆ. ಮೂಲೆಯಲ್ಲಿ ಕಲ್ಲಿಲ್ಲದ ಕಡೆ ಕೈಯಲ್ಲೇ ಬಾಚಿ ತುಂಬಿದರು. ನಾನು ಎತ್ತಿ ತಲೆಯ ಮೇಲಿಟ್ಟೆ. ನಾನು ಹೊರುತ್ತೇನೆ ಅಂದರೂ ಕೇಳಲಿಲ್ಲ. ಅಡ್ಡಡ್ಡ ನಡೆಯುತ್ತಾ, ನಿಲ್ಲುತ್ತಾ, ಉಸಿರು ತಗೊಳ್ಳುತ್ತಾ ಹತ್ತಿದರು. ನಾನು ಕೆಳಗೇ ನಿಂತು ನೋಡಿದೆ.

ನೆತ್ತಿ ಮುಟ್ಟಿದವರು ಸುರಿಯಲಿಲ್ಲ. ದೊಡ್ಡವನ ಪಾಲಿನಲ್ಲಿ ನಿಂತರು. ಅಲ್ಲಿಂದ ನಡುವಿನವನ ಪಾಲಿಗೆ ಬಂದು ನಿಂತರು. ಕಿರಿಯವನ ಪಾಲಿಗೂ ಹೋದರು. ಮತ್ತೆ ತಿರುಗಿ ಬಂದರು. ಎಷ್ಟೋ ಹೊತ್ತು ಮಂಕರಿ ತಲೆಯ ಮೇಲೇ ಇತ್ತು. ಆಮೇಲೆ ಹಾಗೇ ಹೊತ್ತುಕೊಂಡು ಇಳಿದು ಬಂದರು.

"ಯಾಕಯ್ಯ, ಸುರೀಲಿಲ್ಲ?"

"ಮೂವರು ಮಕ್ಳು ಕಣವ್ವ. ಮೂರು ಮಂಕರಿ ಒರೋ ಸಕ್ತಿ ನಂಗಿಲ್ಲ. ಈ ಒಂದ ಯಾರ್ಗೆ ಅಂತ ಉಯ್ಲಿ?"

ಅವರು ಮಂಕರಿಯನ್ನು ನನ್ನ ಹೊಲದಲ್ಲೇ ಬೋರಲು ಹಾಕಿ, ತಳಕ್ಕೆ ಅಂಟಿದ್ದ ಮಣ್ಣನ್ನೂ ತಟ್ಟಿ ತಟ್ಟಿ ಉದುರಿಸಿ, ಖಾಲಿ ಮಂಕರಿ ಹಿಡಿದುಕೊಂಡು ಮನೆಯ ಕಡೆ ಹೊರಟರು.